ನಿಡಘಟ್ಟದ ತಲೆ, ಅಮೆರಿಕದ ದೀಪ

ನಾನೂ ನನ್ನ ಸೋದರಮಾವನೂ ಅಮೆರಿಕದಿಂದ ಹಿಂದಿರುಗಿ ತಿಂಗಳು ತುಂಬುವ ಮೊದಲೇ ನಮ್ಮ ಪ್ರವಾಸದ ಕಥೆ ನಮಗಿಂತ ಚೆನ್ನಾಗಿ ಊರಿಗೆ ಗೊತ್ತಿತ್ತು. ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು, ಮಾವನ ತಲೆಬುರುಡೆ ಬಿಚ್ಚಿ ಮಿದುಳನ್ನು ತೊಳೆದು ವಾಪಸ್ಸು ಇಟ್ಟರೆಂದು ನನಗೇ ವಿವರಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ, ಅಂಥದ್ದೇನೂ ನಡೆಯಲಿಲ್ಲ ಎಂದೆ. "ನಿಮ್ಮನ್ನ ಆಚೆ ಕಳ್ಸಿರ್ತಾರೆ ಬುಡಿ, ಎಂಗಸ್ರು ಎದ್ರುಗೆ ಮಾಡ್ತಾರಾ?" ಅಂದರು. ಮಳವಳ್ಳಿಯಲ್ಲಿರುವ ನನ್ನ ತವರಿನ ಕಡೆಯವರು ನಂಬಿರುವುದು ಬೇರೆ: ತಲೆಗೆ ಕರೆಂಟು ಕೊಟ್ಟರಂತೆ, ಅದಕ್ಕೇ ಮಾವ ಈಗ ಮೊದಲಿಗಿಂತ ನಿಧಾನವಾಗಿ ಬೈಯುತ್ತಾನಂತೆ.

ಎರಡೂ ಸುಳ್ಳು. ಹಾಗೆಂದು ನಾನು ಬರೆಯುವುದೆಲ್ಲ ನಿಜವೆಂದು ಭರವಸೆ ಕೊಡಲಾರೆ. ಮಂಡ್ಯದ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವವಳು ನಾನು. ಕಣ್ಣಾರೆ ಕಂಡವರ ಮಾತನ್ನು ಪೂರ್ತಿ ನಂಬಬೇಡಿ ಎಂದು ಪ್ರತಿ ವರ್ಷ ಹುಡುಗ ಹುಡುಗಿಯರಿಗೆ ಹೇಳುತ್ತೇನೆ. ಈ ಸಲ ಕಣ್ಣಾರೆ ಕಂಡವಳು ನಾನೇ. ನನ್ನ ನೆನಪಿನ ಸ್ವಭಾವ ನನಗೆ ಗೊತ್ತು. ಬೆಳಿಗ್ಗೆ ನಡೆದದ್ದಕ್ಕೆ ಸಂಜೆಯ ಹೊತ್ತಿಗೆ ಅದು ನನ್ನ ಪರವಾಗಿ ವಕಾಲತ್ತು ಶುರುಮಾಡಿರುತ್ತದೆ. ಅದಕ್ಕೇ ಡೈರಿ ಇಟ್ಟುಕೊಂಡಿದ್ದೇನೆ. ಡೈರಿಯನ್ನು ಬರೆದವಳೂ ನಾನೇ ಎನ್ನುವುದು ಬೇರೆ ವಿಷಯ.

ನಿಡಘಟ್ಟ

ಮಾವನ ಹೆಸರು ಬೋರೇಗೌಡ. ನಿಡಘಟ್ಟದಲ್ಲಿ ಸ್ವಲ್ಪ ಕಬ್ಬಿನ ಗದ್ದೆ, ಒಂದು ಆಲೆಮನೆ. ಆಲೆಮನೆಯಲ್ಲಿ ಕಬ್ಬು ಅರೆಯುವುದು, ಒಲೆಗೆ ಸೋಗೆ ತುಂಬುವುದು ಎಲ್ಲವನ್ನೂ ಯಾರು ಬೇಕಾದರೂ ಮಾಡಬಹುದು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ಹೇಳುವ ಕೆಲಸ ಮಾತ್ರ ಎಲ್ಲರದಲ್ಲ. ಒಂದು ಗಳಿಗೆ ಮೊದಲು ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಜೋಲುತ್ತದೆ. ಒಂದು ಗಳಿಗೆ ತಡವಾದರೆ ಸೀದು ಕಪ್ಪಾಗುತ್ತದೆ. ಮಾವ ಕುದಿಯುವ ಪಾಕವನ್ನು ತುಸು ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡಿ "ಇಳ್ಸಿ" ಅನ್ನುತ್ತಿದ್ದ. ಆ ಒಂದು ಮಾತಿಗಾಗಿ ಸುತ್ತಲಿನ ಹಳ್ಳಿಯವರೂ ಕಬ್ಬನ್ನು ಅವನಲ್ಲಿಗೇ ಹೊಡೆದುಕೊಂಡು ಬರುತ್ತಿದ್ದರು.

ಅವನಿಗೆ ಮೂರ್ಛೆ ರೋಗ ಹಳೆಯದು. ಎರಡು ವರ್ಷದ ಹಿಂದೆ ಅದು ಕೊಪ್ಪರಿಗೆಯ ಮುಂದೆಯೇ ಬಂತು. ಬಿದ್ದದ್ದು ಕುದಿಯುವ ಪಾಕದಿಂದ ಒಂದು ಮೊಳ ಈಚೆಗೆ. ಅಂದಿನಿಂದ ಅತ್ತೆ ಅವನನ್ನು ಒಲೆಯ ಹತ್ತಿರ ಸುಳಿಯಲು ಬಿಡಲಿಲ್ಲ. ಮಂಡ್ಯದ ಡಾಕ್ಟರ ಮಾತ್ರೆ, ಮುತ್ತತ್ತಿ ಆಂಜನೇಯನ ಹರಕೆ ಎರಡನ್ನೂ ಒಂದೇ ನಿಷ್ಠೆಯಿಂದ ನಡೆಸಿದಳು. ಮೂರ್ಛೆ ಕಡಿಮೆಯಾಯಿತು, ನಿಲ್ಲಲಿಲ್ಲ. ತಿಂಗಳಿಗೆ ಎರಡೋ ಮೂರೋ ಸಲ ಬಂದೇ ಬರುತ್ತಿತ್ತು. ಮಾವ ದೂರದಲ್ಲಿ ಬೇವಿನ ಮರದಡಿ ಮಂಚದ ಮೇಲೆ ಕೂತು, ವಾಸನೆಯಿಂದಲೇ ಹದ ತಿಳಿದು, "ಸೀಯ್ತದೆ ಕಣ್ರಲಾ" ಎಂದು ಕೂಗುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ. ಸೀಯುತ್ತಿತ್ತು.

ಆ ಹೊತ್ತಿಗೆ ನನಗೆ ಅಮೆರಿಕದ ಪಶ್ಚಿಮ ಕರಾವಳಿಯ ಒಂದು ವಿಶ್ವವಿದ್ಯಾಲಯದಲ್ಲಿ ಹತ್ತು ವಾರದ ಅಧ್ಯಾಪಕರ ತರಬೇತಿಗೆ ಕರೆ ಬಂತು. ಅದೇ ಆವರಣದಲ್ಲಿ ಒಬ್ಬ ಡಾಕ್ಟರು ಮೂರ್ಛೆಯವರ ಮಿದುಳಿನ ಅಲೆಗಳನ್ನು ಅಳೆದು, ಆ ಅಳತೆ ನೋಡಿ ಅವರಿಗೆ ಒಂದು ಬಗೆಯ ಅಭ್ಯಾಸ ಕಲಿಸುತ್ತಾರೆ ಎಂದು ಎಲ್ಲೋ ಓದಿದ್ದೆ. ಕಾಗದ ಬರೆದೆ. ಕರೆದುಕೊಂಡು ಬನ್ನಿ, ಪರೀಕ್ಷೆಗೆ ಸೇರಿಸಿಕೊಳ್ಳುತ್ತೇವೆ ಎಂದು ಉತ್ತರ ಬಂತು. ಟಿಕೆಟ್ಟು ಪಾಸ್‌ಪೋರ್ಟುಗಳ ಕಥೆ ಇಲ್ಲಿ ಬೇಡ. ಅದು ಬೇರೆಯದೇ ಕಾಯಿಲೆ.

ಹೊರಡುವ ದಿನ ಮಾವ ನನ್ನನ್ನು ಪಕ್ಕಕ್ಕೆ ಕರೆದು, "ವಾಸಿ ಆಗದೆ ಓದ್ರೂ ಚಿಂತಿಲ್ಲ ಕಣವ್ವ. ಕೊಪ್ಪರ್ಗೆ ತಾವ ನಿಂತ್ಕಳಾಕೆ ಬುಟ್ರೆ ಸಾಕು" ಅಂದ. ಅತ್ತೆ ಎಲ್ಲರ ಎದುರಿಗೇ ಹೇಳಿದಳು: "ಆ ಡಾಕ್ಟ್ರು ನಿಂತ್ಕಬೋದು ಅಂದ್ರೆ ನಿಂತ್ಕಳ್ಳಿ, ನಾನು ಅಡ್ಡ ಬರಾಕಿಲ್ಲ. ನೀನು ಮಾತ್ರ ಸರ್ಯಾಗಿ ಕೇಳ್ಕಂಡು ಬಾ ಮಗ." ಹಾಗೆಂದವಳೇ ಮಾವನ ನೆತ್ತಿಗೆ ಒಂದು ಬಟ್ಟಲು ಹರಳೆಣ್ಣೆ ಸುರಿದು ತಟ್ಟಿ, ಮಿಕ್ಕಿದ್ದನ್ನು ಬಾಟಲಿಗೆ ತುಂಬಿ ನನ್ನ ಪೆಟ್ಟಿಗೆಯಲ್ಲಿಟ್ಟಳು.

ಬೊಂಬಾಯಿ

ವಿಮಾನ ಹತ್ತುವ ಬಾಗಿಲಲ್ಲಿ ಮಾವ ಹೆಗಲ ಮೇಲಿನ ಟವೆಲ್ಲನ್ನು ತೆಗೆದು, ನಮಗಿಂತ ಮುಂದಿದ್ದ ಸೂಟಿನ ಮನುಷ್ಯನ ಕೈಗೆ ಕೊಟ್ಟ. ಆತ ಏನೆಂದು ಕೇಳುವಷ್ಟರಲ್ಲಿ ಸಾಲು ಮುಂದಕ್ಕೆ ಹೋಗಿ ಆತ ಒಳಗೆ ಸೇರಿದ್ದ.

"ಯಾಕೆ ಮಾವ ಕೊಟ್ಟೆ?"

"ಕಿಟಕಿ ತಾವ ಸೀಟ್ ಇಡೀಲಿ ಅಂತ."

ಮಳವಳ್ಳಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಾರದು. ಸೀಟಿಗೆ ನಂಬರು ಇದೆ, ಯಾರೂ ಕಿತ್ತುಕೊಳ್ಳುವುದಿಲ್ಲ ಎಂದೆ. ಮಾವ ನಂಬಲಿಲ್ಲ. ಒಳಗೆ ಹೋಗಿ ನೋಡಿದರೆ ಗಗನಸಖಿ ಆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ, ದೇವರ ವಸ್ತ್ರದಂತೆ ಎರಡು ಕೈಯಲ್ಲಿ ಹಿಡಿದು, ಇದು ಯಾರದೆಂದು ಸಾಲುಸಾಲಾಗಿ ಕೇಳುತ್ತ ಬರುತ್ತಿದ್ದಳು. ಮಾವ ಅದನ್ನು ತೆಗೆದುಕೊಂಡು, "ಪರ್ವಾಗಿಲ್ಲ, ನಿಯತ್ತಿನ ಜನ" ಅಂದ.

ಆ ಊರು

ನಮಗೆ ಕೋಣೆ ಕೊಟ್ಟಿದ್ದು ಡೊರತಿ ಎಂಬ ವಯಸ್ಸಾದ ಹೆಂಗಸು. ಆಕೆಯ ಬೀದಿಯಲ್ಲಿ ಮನುಷ್ಯರು ನಡೆಯುವುದಿಲ್ಲ. ನಾಯಿಗಳು ನಡೆಯುತ್ತವೆ, ಮನುಷ್ಯರು ಅವುಗಳ ಹಿಂದೆ ಹೋಗುತ್ತಾರೆ. ಎದುರಾದವರೆಲ್ಲ "ಹೇಗಿದ್ದೀರಿ?" ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಮಾವ ಮೊದಲ ದಿನ ನನ್ನಿಂದ ಅದರ ಅರ್ಥ ತಿಳಿದುಕೊಂಡು, ಎರಡನೆಯ ದಿನ ಕೇಳಿದವನಿಗೆ ಮಂಡಿನೋವಿನಿಂದ ಶುರುಮಾಡಿ ಹೇಳತೊಡಗಿದ. ಆತ ಆಗಲೇ ಬೀದಿಯ ತಿರುವು ದಾಟಿದ್ದ. "ಕೇಳ್ಬುಟ್ಟು ಓಡೋಯ್ತಾರಲ್ಲವ್ವ, ಇದ್ಯಾವ ಸೀಮೆ ಮರ್ಯಾದೆ?" ಅಂದ. ನನಗೂ ಹಾಗೇ ಅನ್ನಿಸಿತು. ಆಮೇಲೆ, ಮಂಡ್ಯದಲ್ಲಿ ನಾನು ದಿನಕ್ಕೆ ಹತ್ತು ಜನಕ್ಕೆ "ಊಟ ಆಯ್ತಾ?" ಎಂದು ಕೇಳುವುದೂ, ಇಲ್ಲ ಎಂದವರಿಗೆ ಎಂದೂ ಅನ್ನ ಬಡಿಸದಿರುವುದೂ ನೆನಪಾಯಿತು.

ಮೊದಲ ಸೋಮವಾರ

ಡಾಕ್ಟರಿಗೆ ನಲವತ್ತರ ಒಳಗಿನ ವಯಸ್ಸು. ಭುಜ ಮುಟ್ಟುವ ಕೂದಲು, ಎದೆ ಮುಟ್ಟುವ ಗಡ್ಡ. "ಇವ್ರು ಡಾಕ್ಟ್ರೋ, ಅರಕೆಗೆ ಕೂದ್ಲು ಬುಟ್ಟೋರೋ?" ಎಂದು ಮಾವ ಕೇಳಿದ್ದನ್ನು ನಾನು ಇಂಗ್ಲಿಷಿಗೆ ತರಲಿಲ್ಲ. ಅವರ ಸಹಾಯಕಿ ಲಿಂಡಾ, ಸದಾ ನಗುಮುಖದ ಹುಡುಗಿ.

ಡಾಕ್ಟರು ಹೇಳಿದ್ದನ್ನು ಡೈರಿಯಲ್ಲಿ ಹೀಗೆ ಬರೆದುಕೊಂಡಿದ್ದೇನೆ. ಮಿದುಳಿನಲ್ಲಿ ಸದಾ ಸಣ್ಣ ವಿದ್ಯುತ್ತಿನ ಏರಿಳಿತ ನಡೆದಿರುತ್ತದೆ. ನಿದ್ದೆಗೆ ಜಾರುವಾಗ ಅಲೆ ನಿಧಾನ, ಎಚ್ಚರದಲ್ಲಿ ಚುರುಕು. ತಲೆಯ ಮೇಲೆ ಅಲ್ಲಲ್ಲಿ ತಂತಿ ಅಂಟಿಸಿದರೆ, ಆ ಏರಿಳಿತವನ್ನು ಸಾಲು ಪೆನ್ನುಗಳು ಕಾಗದದ ಮೇಲೆ ಗೀಚುತ್ತವೆ. ಇಷ್ಟು ಎಲ್ಲ ದೊಡ್ಡ ಆಸ್ಪತ್ರೆಯಲ್ಲೂ ಇದೆ. ಇವರ ಹತ್ತಿರ ಎರಡು ಬೀರುಗಳಷ್ಟು ದೊಡ್ಡ ಕಂಪ್ಯೂಟರೊಂದಿತ್ತು. ಅದು ಯಾವ ವೇಗದ ಅಲೆ, ತಲೆಯ ಯಾವ ಜಾಗದಲ್ಲಿ, ಎಷ್ಟಿದೆ ಎಂದು ಲೆಕ್ಕ ಹಾಕಿ ಕೊಡುತ್ತಿತ್ತು. ಎಲ್ಲಿ ಹೆಚ್ಚಿದೆಯೋ ಅಲ್ಲಿ ತಗ್ಗಿಸುವುದನ್ನು, ಎಲ್ಲಿ ಕಮ್ಮಿಯಿದೆಯೋ ಅಲ್ಲಿ ಹೆಚ್ಚಿಸುವುದನ್ನು ರೋಗಿಗೇ ಕಲಿಸುವುದು. ಮಾವನಿಗೆ ಇದನ್ನು ಹೇಳಿದಾಗ ಅರ್ಧದಲ್ಲೇ ತಡೆದ. "ಹಾಲಿಗೆ ಕಡ್ಡಿ ಬುಟ್ಟು ನೀರು ಎಷ್ಟಿದೆ ಅಂತ ನೋಡ್ತಾರಲ್ಲ, ಅಂಗೆ. ಗೊತ್ತಾಯ್ತು, ನೋಡಾಕೆ ಏಳು ಅವ್ರಿಗೆ."

ನೋಡಲು ಆಗಲಿಲ್ಲ. ತಂತಿಗಳು ಅಂಟುತ್ತಿರಲಿಲ್ಲ. ಲಿಂಡಾ ಒಂದನ್ನು ಅಂಟಿಸಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮೊದಲನೆಯದು ಜಾರಿ ಮಾವನ ಕಿವಿಯ ಮೇಲೆ ಕೂರುತ್ತಿತ್ತು. ಅತ್ತೆಯ ಹರಳೆಣ್ಣೆ. ಆ ಹುಡುಗಿ ಮಾವನ ತಲೆಯನ್ನು ತೊಟ್ಟಿಗೆ ಬಗ್ಗಿಸಿ ಮೂರು ಸಲ ತೊಳೆದಳು. ನಾನು ನಾಚಿಕೆಯಿಂದ ಗೋಡೆ ನೋಡುತ್ತ ಕೂತೆ. ಮಾವನಿಗೆ ನಾಚಿಕೆಯಿರಲಿಲ್ಲ. "ನಮ್ಮವ್ವ ಸತ್ತೋದ್ ಮ್ಯಾಲೆ ನನ್ ತಲೆ ಯಾರೂ ಇಂಗೆ ತೊಳ್ದಿರ್ನಿಲ್ಲ" ಎಂದು ಕಣ್ಣು ಮುಚ್ಚಿದ.

ಕೊನೆಗೆ ಅಳತೆ ನಡೆಯಿತು. ನಡುವೆ ಲಿಂಡಾ ಒಂದು ಪ್ರಶ್ನೆ ಕೇಳಿದಳು. ಆ ಪ್ರಶ್ನೆಯ ಹತ್ತಿರಕ್ಕೆ ಆಮೇಲೆ ಬರುತ್ತೇನೆ.

ಮೊದಲ ದರ್ಜೆಯ ವಿದ್ಯಾರ್ಥಿ

ಲೆಕ್ಕ ಬಂತು. ಮಾವನ ಎರಡೂ ಕಿವಿಗಳ ಮೇಲ್ಭಾಗದಲ್ಲಿ ತೀರಾ ವೇಗದ ಅಲೆಗಳು ವಿಪರೀತವಾಗಿವೆ ಎಂದು ಡಾಕ್ಟರು ಕಾಗದದ ಮೇಲೆ ಬೆರಳಿಟ್ಟು ತೋರಿಸಿದರು. ಇಷ್ಟು ಹೆಚ್ಚು ಅವರು ಕಂಡಿರಲಿಲ್ಲವಂತೆ. ಮೊದಲು ಅದನ್ನು ತಗ್ಗಿಸೋಣ ಎಂದರು.

ಅಭ್ಯಾಸ ಹೀಗೆ. ಮಾವ ಕುರ್ಚಿಯಲ್ಲಿ ಕೂರಬೇಕು. ಎದುರಿಗೆ ಒಂದು ಪೆಟ್ಟಿಗೆ, ಅದರ ಮೇಲೊಂದು ಹಸಿರು ದೀಪ. ವೇಗದ ಅಲೆ ತಗ್ಗಿದಾಗ ದೀಪ ಹತ್ತಿ 'ಟಿಣ್' ಎನ್ನುತ್ತದೆ. ಹೇಗೆ ತಗ್ಗಿಸುವುದೆಂದು ಯಾರೂ ಹೇಳಿಕೊಡುವುದಿಲ್ಲ, ದೀಪವೇ ಮೇಷ್ಟರು. ಬೇರೆ ರೋಗಿಗಳಿಗೆ ಮೊದಲ ದೀಪ ಕಾಣಲು ದಿನಗಟ್ಟಲೆ ಬೇಕಾಗುತ್ತಿತ್ತಂತೆ. ಮಾವ ಮೊದಲ ದಿನವೇ ಹತ್ತಿಸಿದ. ಮೂರನೆಯ ದಿನ, ನಮ್ಮೂರ ಪೂಜೆಯ ಗಂಟೆಯ ಹಾಗೆ, ಅದು ನಿಲ್ಲದೆ ಹೊಡೆದುಕೊಂಡಿತು. ಪಕ್ಕದ ಕೋಣೆಯವರು ನೋಡಲು ಬಂದರು. ಡಾಕ್ಟರು ಮಾವನ ಬೆನ್ನು ತಟ್ಟಿ, ಇಂಥ ಹತೋಟಿ ನಾನು ಕಂಡಿಲ್ಲ ಎಂದರು. ಅದನ್ನು ನಾನು ಕನ್ನಡಕ್ಕೆ ತಂದಾಗ ಮಾವ ಮೀಸೆಯ ಮೇಲೆ ಕೈಯಾಡಿಸಿ, "ಅತ್ತೆಗೆ ಕಾಗ್ದ ಬರಿ" ಅಂದ. ಬರೆದೆ. ಕೊಪ್ಪರಿಗೆ ಉಜ್ಜಿಡಲು ಹೇಳು ಎಂಬ ಸಾಲನ್ನು ಅವನೇ ಹೇಳಿ ಸೇರಿಸಿದ.

ಹತ್ತೊಂಬತ್ತನೆಯ ದಿನ

ಮೊದಲ ಅಳತೆಯಿಂದ ಎಣಿಸಿದರೆ. ಬೆಳಗಿನ ತಿಂಡಿಯ ಹೊತ್ತು. ಡೊರತಿ ರೊಟ್ಟಿ ಸುಡುವ ಯಂತ್ರದಿಂದ ರೊಟ್ಟಿ ತೆಗೆಯುತ್ತಿದ್ದಳು. ಮಾವ ಕುರ್ಚಿಯಿಂದ ಹಾಗೇ ಎಡಕ್ಕೆ ಜಾರಿ ನೆಲಕ್ಕೆ ಬಿದ್ದ. ಕೈಕಾಲು ಸೆಟೆದು ಅದುರತೊಡಗಿದವು.

ನಾನು ಮಾಡಿದ ಮೊದಲ ಕೆಲಸವನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ಡೈರಿಯಲ್ಲಿದೆ. ಎಂ.ಎ. ಮಾಡಿದ ನಾನು ಕಬ್ಬಿಣ ಹುಡುಕಿದೆ. ಡೊರತಿಯ ಬಾಗಿಲ ಬೀಗದ ಕೈ ಸಿಕ್ಕಿತು, ಅದನ್ನು ಮಾವನ ಮುಷ್ಟಿಗೆ ತುರುಕಿದೆ. ಅದೇ ಹೊತ್ತಿಗೆ ಡೊರತಿ ಆ ಕಡೆಯಿಂದ ಒಂದು ಮರದ ಸೌಟು ತಂದು ಮಾವನ ಹಲ್ಲುಗಳ ನಡುವೆ ಇಡಲು ಹೆಣಗುತ್ತಿದ್ದಳು. ಮಾವನನ್ನು ನಡುವೆ ಹಾಕಿಕೊಂಡು ನಾವಿಬ್ಬರೂ ಒಬ್ಬರ ಮೂಢನಂಬಿಕೆಯನ್ನು ಇನ್ನೊಬ್ಬರು ಬೆರಗಿನಿಂದ ನೋಡಿದೆವು. ಎರಡೂ ಬೇಡ, ಮಗ್ಗುಲಿಗೆ ಮಲಗಿಸಿ ಕಾಯಬೇಕು ಅಷ್ಟೆ ಎಂದು ಡಾಕ್ಟರು ಆಮೇಲೆ ಇಬ್ಬರಿಗೂ ಹೇಳಿದರು.

ಎಚ್ಚರವಾದಾಗ ಮಾವ ಮೊದಲು ಕೈಯಲ್ಲಿದ್ದ ಬೀಗದ ಕೈ ನೋಡಿದ, ಆಮೇಲೆ ನನ್ನನ್ನು. "ಬಂತಾ?"

"ಬಂತು ಮಾವ."

"ದೀಪ ಉರೀತಿತ್ತಲ್ಲವ್ವ" ಅಂದ.

ಅದು ಮೊದಲನೆಯದಲ್ಲ, ಬಂದ ಮೇಲೆ ಎರಡನೆಯದು. ಊರಲ್ಲಿ ಬರುತ್ತಿದ್ದಷ್ಟೇ ಬರುತ್ತಿತ್ತು, ಒಂದು ಕೂದಲೂ ಕಮ್ಮಿಯಿಲ್ಲ. ಡಾಕ್ಟರು ಕಾಗದಗಳನ್ನು ಹರವಿಕೊಂಡು ಗಡ್ಡ ಕೆರೆದರು. ವೇಗದ ಅಲೆ ದಿನದಿಂದ ದಿನಕ್ಕೆ ತಗ್ಗಿದೆ, ಮೂರ್ಛೆ ತಗ್ಗಿಲ್ಲ, ಏಕೆಂದು ತಿಳಿಯುತ್ತಿಲ್ಲ ಎಂದರು. ಅವರ ದನಿಯಲ್ಲಿ ಮೊದಲ ಸಲ ಇನ್ನೇನು ಕೈಬಿಡುವವರ ಸೌಜನ್ಯ ಕೇಳಿಸಿತು.

ಡೈರಿ

ಅಂದು ಮಧ್ಯಾಹ್ನ ಮಾವ ಮಲಗಿದ್ದಾಗ ಅವನ ಅಂಗಿ ಒಗೆಯಲು ತೆಗೆದೆ. ಜೇಬಿನಲ್ಲಿ ಅಡಿಕೆ ಹೋಳುಗಳ ಡಬ್ಬಿ ಇತ್ತು. ನಮ್ಮೂರಲ್ಲಿ ಎಲೆ, ಸುಣ್ಣ, ಅಡಿಕೆ ಸೇರಿಸಿ ಅಗಿದರೆ ಮಾತ್ರ ಅದು ಎಲೆಯಡಿಕೆ ಹಾಕಿಕೊಂಡಂತೆ. ದವಡೆಯ ಸಂದಿಯಲ್ಲಿ ಒಂದು ಅಡಿಕೆ ಹೋಳು ಇಟ್ಟುಕೊಂಡು ಆಗೊಮ್ಮೆ ಈಗೊಮ್ಮೆ ಒತ್ತುತ್ತಿರುವುದನ್ನು ಯಾರೂ ತಿನ್ನುವುದು ಎನ್ನುವುದಿಲ್ಲ. ಹೆಗಲ ಮೇಲೆ ಟವೆಲ್ ಇದ್ದಂತೆ ಅದೊಂದು ಇರುತ್ತದೆ. ಮಾವನಿಗೆ ನಿದ್ದೆಯಲ್ಲಿ ಬಿಟ್ಟರೆ ಮಿಕ್ಕ ಹೊತ್ತೆಲ್ಲ ಇರುತ್ತದೆ.

ಲಿಂಡಾ ಕೇಳಿದ್ದ ಪ್ರಶ್ನೆ ಆಗ ನೆನಪಾಯಿತು. ಅಳತೆ ನಡೆಯುವಾಗ ಆಕೆ ಪೆನ್ನುಗಳನ್ನು ನೋಡಿ, ಇವರು ಬಾಯಲ್ಲಿ ಏನಾದರೂ ಅಗಿಯುತ್ತಿದ್ದಾರೆಯೇ ಎಂದಿದ್ದಳು. ನಾನು ಮಾವನನ್ನು ಕೇಳಿದೆ, ಮಾವ ಇಲ್ಲ ಎಂದ, ನಾನು ಇಲ್ಲ ಎಂದು ಹೇಳಿದೆ. ನನ್ನ ನೆನಪು ಇಷ್ಟು ಸ್ಪಷ್ಟವಾಗಿತ್ತು. ಮಾವ ತಲೆಯಾಡಿಸಿದ್ದು ಕೂಡ ಕಣ್ಣಿಗೆ ಕಟ್ಟುತ್ತಿತ್ತು. ಇಷ್ಟು ಸ್ಪಷ್ಟವಾಗಿದ್ದರಿಂದಲೇ ಅನುಮಾನ ಬಂದು ಡೈರಿ ತೆಗೆದೆ.

ಡೈರಿಯಲ್ಲಿದ್ದದ್ದು: "ಲಿಂಡಾ ಅಗಿಯುವ ವಿಷಯ ಕೇಳಿದಳು. ಇಲ್ಲ ಎಂದೆ. ಮಾವ ನನ್ನ ಮುಖ ನೋಡಿದ."

ನಾನು ಅವನನ್ನು ಕೇಳಿಯೇ ಇರಲಿಲ್ಲ. ಎಣ್ಣೆಯ ಅವಮಾನ ಆಗಷ್ಟೇ ಮುಗಿದಿತ್ತು. ಈಗ ಬಾಯಿ ತೆರೆಸಿ ಅಡಿಕೆಯನ್ನೂ ತೋರಿಸುವುದೇ ಎಂದು, ಅವನ ಪರವಾಗಿ ನಾನೇ ಉತ್ತರ ಕೊಟ್ಟುಬಿಟ್ಟಿದ್ದೆ. ಹತ್ತೊಂಬತ್ತು ದಿನದಲ್ಲಿ ನನ್ನ ನೆನಪು ಆ ಉತ್ತರವನ್ನು ನನ್ನ ಬಾಯಿಂದ ತೆಗೆದು ಮಾವನ ಬಾಯಿಗೆ ಇಟ್ಟಿತ್ತು.

ಅವನು ಎದ್ದ ಮೇಲೆ ಎಲ್ಲವನ್ನೂ ಹೇಳಿದೆ. ಮಾವ ಡಬ್ಬಿಯಿಂದ ಒಂದು ಹೋಳು ತೆಗೆದು ನೋಡಿದ.

"ನೀನು ಕೇಳಿದ್ರೂ ನಾನು ಇಲ್ಲ ಅಂತ್ಲೇ ಅಂತಿದ್ದೆ ಬುಡವ್ವ. ಅಡ್ಕೆ ಏನು ತಿನ್ನೋದಾ?"

ಇದು ನಿಜವೋ, ನನ್ನ ಮುಖ ನೋಡಿ ಕರುಣೆಯಿಂದ ಹೇಳಿದ್ದೋ, ಇಂದಿಗೂ ನನಗೆ ಗೊತ್ತಿಲ್ಲ.

ಇನ್ನೊಂದು ಅಳತೆ

ಮರುದಿನ ಡಾಕ್ಟರ ಮುಂದೆ ನಿಂತು ಒಪ್ಪಿಕೊಂಡೆ. ಅವರು ಮಾವನನ್ನು ಕೂರಿಸಿ, ತಂತಿ ಅಂಟಿಸಿ, ಅಡಿಕೆ ಒತ್ತಲು ಹೇಳಿದರು. ಮಾವ ಒತ್ತಿದ. ಕಿವಿಯ ಮೇಲಿನ ತಂತಿಗಳ ಪೆನ್ನುಗಳು ಬಾಣಲೆಯಲ್ಲಿ ಹುರಿಗಾಳು ಸಿಡಿದಂತೆ ಸಿಡಿದವು. ನಿಲ್ಲಿಸಿದ. ಪೆನ್ನುಗಳು ತಣ್ಣಗಾದವು. ಮತ್ತೆ ಒತ್ತಿದ, ಮತ್ತೆ ಸಿಡಿದವು. ಲಿಂಡಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಕೆನ್ನೆಯ ಸ್ನಾಯುವಿನ ಅದುರು ಅದು, ಮಿದುಳಿನದಲ್ಲ. ಅದನ್ನೇ ಕಂಪ್ಯೂಟರು ನಿಷ್ಠೆಯಿಂದ ಎಣಿಸಿ ಕೊಟ್ಟಿತ್ತು. ಮಾವ ದೀಪ ಹತ್ತಿಸಿದ್ದು ದವಡೆ ಸಡಿಲಿಸಿ.

ಡಾಕ್ಟರು ಕುರ್ಚಿಗೆ ಒರಗಿದರು. "ನಾನು ಎರಡು ವಾರಕ್ಕಿಂತ ಹೆಚ್ಚು ಕಾಲ ಒಂದು ದವಡೆಗೆ ಪಾಠ ಹೇಳಿದ್ದೇನೆ" ಎಂದರು. ನಾನು ಕ್ಷಮೆ ಕೇಳಿದೆ. ಅವರು ತಲೆಯಾಡಿಸಿ, ಪೆನ್ನು ಗೀಚಿದ ಕಾಗದವನ್ನು ಕಣ್ಣಲ್ಲಿ ಸರಿಯಾಗಿ ನೋಡಿದ್ದರೆ ನಿಮ್ಮ ಉತ್ತರ ನನಗೆ ಬೇಕಾಗುತ್ತಿರಲಿಲ್ಲ, ಯಂತ್ರ ಕೊಟ್ಟ ಮೊತ್ತವನ್ನಷ್ಟೇ ನೋಡಿದೆ ಎಂದರು. ಕನ್ನಡದಲ್ಲಿ ಇದನ್ನು ಹೇಳಿದಾಗ ಮಾವನಿಗೆ ಅವರ ಮೇಲೆ ಮೊದಲ ಸಲ ಗೌರವ ಬಂತು. "ತಪ್ಪು ಒಪ್ಕತಾರೆ. ಡಾಕ್ಟ್ರೇ ಇರ್ಬೇಕು ಬುಡು."

ಬಾಯಿ ತೊಳೆಸಿ, ದವಡೆ ಪರೀಕ್ಷಿಸಿ, ಹೊಸದಾಗಿ ಅಳತೆ ಮಾಡಿದರು. ಚಿತ್ರ ಬೇರೆಯೇ ಆಗಿತ್ತು. ವೇಗದ ಅಲೆಯ ತಕರಾರೇ ಇಲ್ಲ. ನೆತ್ತಿಯ ಭಾಗದಲ್ಲಿ ನಿಧಾನದ ಅಲೆಗಳು ಹೆಚ್ಚು. ಮೈ ಅಲುಗದೆ, ಮನಸ್ಸು ಎಚ್ಚರವಾಗಿ ಇರುವಾಗ ಅಲ್ಲಿ ಏಳಬೇಕಾದ ಒಂದು ನಡುವೇಗದ ಅಲೆ ತೀರಾ ಕಮ್ಮಿ. ಅದನ್ನು ಬೆಳೆಸಬೇಕು. ತಂತಿ ಕಿವಿಯ ಮೇಲಿಂದ ನೆತ್ತಿಗೆ ಬಂತು. ದವಡೆಯನ್ನು ಕಾಯಲು ಕೆನ್ನೆಗೂ ಒಂದು ಬಿತ್ತು. ದೀಪ ಅದೇ. ನಾವು ಹೊರಡಲು ಏಳು ವಾರವೂ ಉಳಿದಿರಲಿಲ್ಲ.

ಹತ್ತದ ದೀಪ

ಮೊದಲ ದರ್ಜೆಯ ವಿದ್ಯಾರ್ಥಿ ಫೇಲಾದ. ಒಂದು ವಾರ ದೀಪ ಹತ್ತಲಿಲ್ಲ. ಎರಡನೆಯ ವಾರ, ಬೀಡಿ ಹಚ್ಚುವಾಗ ಗಾಳಿಗೆ ಸಿಕ್ಕ ಕಡ್ಡಿಯಂತೆ, ಆಗೊಮ್ಮೆ ಮಿನುಗಿ ಆರಿತು. ಸಡಿಲವಾಗಿ ಕೂತರೆ ನಿದ್ದೆ, ಎಚ್ಚರವಾಗಿ ಕೂತರೆ ಮೈ ಬಿಗಿ. ಎರಡಕ್ಕೂ ದೀಪವಿಲ್ಲ. ಮಾವ ಪೆಟ್ಟಿಗೆಯನ್ನು ಬೈಯತೊಡಗಿದ. "ಇದ್ಕೆ ಏನ್ ಬೇಕಂತೆ ಕೇಳವ್ವ. ನಮ್ಮ್ ಸೋದರತ್ತೆ ಇಂಗೇ ಆಡೋಳು."

ನನಗೊಂದು ಉಪಾಯ ಹೊಳೆಯಿತು. ಅದು ಬಹಳ ಸುಂದರವಾಗಿತ್ತು. ಡೈರಿಯಲ್ಲಿ ಎರಡು ಪುಟ ಬರೆದುಕೊಂಡಿದ್ದೇನೆ. ಮೈ ಅಲುಗದ ಎಚ್ಚರ ಎಂದರೆ ಕೊಪ್ಪರಿಗೆಯ ಮುಂದೆ ಹದಕ್ಕಾಗಿ ಕಾಯುವುದೇ ಅಲ್ಲವೇ? ಮಾವನಿಗೆ ಬೇಕಾದ ಔಷಧ ಮಾವನ ಕಸುಬಿನಲ್ಲೇ ಇದೆ! "ಪಾಕ ನೆನಸಿಕೋ ಮಾವ" ಎಂದೆ. ಅವನು ನೆನಸಿಕೊಂಡ. ಮಿನುಗುತ್ತಿದ್ದ ಅಷ್ಟಿಷ್ಟು ದೀಪವೂ ಆರಿಹೋಯಿತು.

"ಕೊಪ್ಪರ್ಗೆ ನೆನೆಸ್ಕಂಡ್ರೆ ಕೈ ಮುಂದಕ್ಕೆ ಓಯ್ತದೆ ಕಣವ್ವ" ಅಂದ. "ಆಸೆ ಆಯ್ತದೆ. ಭಯಾನೂ ಆಯ್ತದೆ. ಅದು ಬ್ಯಾಡ."

ಎರಡು ಪುಟ ವ್ಯರ್ಥವಾಯಿತು. ಅದಾಗಿ ಮೂರು ದಿನಕ್ಕೆ ನಾನು ತರಗತಿ ಮುಗಿಸಿ ಬಂದು ನೋಡಿದರೆ 'ಟಿಣ್, ಟಿಣ್' ಎಂದು ಸದ್ದು. ಮಾವ ಕೂತಿದ್ದ, ದೀಪ ಉರಿಯುತ್ತಿತ್ತು, ಲಿಂಡಾ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಬಾಗಿಲಲ್ಲೇ ತಡೆದಳು. ಡಾಕ್ಟರು ಕೆನ್ನೆಯ ತಂತಿಯನ್ನು ಎರಡೆರಡು ಸಲ ನೋಡಿ ಬಂದರು. ದವಡೆಯಲ್ಲ, ನೆತ್ತಿಯೇ.

ಮುಗಿದ ಮೇಲೆ ಡಾಕ್ಟರು ಕೇಳಿದರು: ಏನು ಮಾಡಿದಿರಿ?

"ಕ್ಷೌರಕ್ಕೆ ಕೂತಂಗೆ ಕೂತ್ಕಂಡೆ" ಎಂದ ಮಾವ. "ಕತ್ತಿ ಕಿವಿ ತಾವ ಬಂದಾಗ ಅಲ್ಲಾಡ್ತೀರಾ ಡಾಕ್ಟ್ರೇ? ಅಲ್ಲಾಡಾಕಿಲ್ಲ. ಅಂಗಂತ ನಿದ್ದೆ ಮಾಡ್ತೀರಾ? ಮಾಡಾಕಿಲ್ಲ."

ನಾನು ಒಂದು ಶಬ್ದ ಕೂಡಿಸದೆ, ಒಂದು ಶಬ್ದ ಬಿಡದೆ ಹೇಳಿದೆ. ಡಾಕ್ಟರು ತಮ್ಮ ಗಡ್ಡವನ್ನು ಮುಟ್ಟಿಕೊಂಡು ಬಹಳ ಹೊತ್ತು ಯೋಚಿಸಿದರು. ಅವರಿಗೆ ಅನುಭವ ಇದ್ದಂತೆ ಕಾಣಲಿಲ್ಲ.

ಹೊರಡುವ ಹಿಂದಿನ ದಿನ

ಕೊನೆಯ ನಾಲ್ಕು ವಾರದಲ್ಲಿ ಬಂದದ್ದು ಒಂದೇ ಮೂರ್ಛೆ, ಅದೂ ಬೀಳುವಷ್ಟು ದೊಡ್ಡದಲ್ಲ. ಡಾಕ್ಟರು ಮೂರನೆಯ ಸಲ ಅಳತೆ ಮಾಡಿ, ನೆತ್ತಿಯ ಅಲೆ ಬೆಳೆದಿರುವುದನ್ನು ತೋರಿಸಿದರು. ನಾನು ಅತ್ತೆಯ ಪ್ರಶ್ನೆಯನ್ನು ಅತ್ತೆ ಕೇಳಿದಂತೆಯೇ ಕೇಳಿದೆ: ಇವರು ಕುದಿಯುವ ಕೊಪ್ಪರಿಗೆಯ ಮುಂದೆ ನಿಲ್ಲಬಹುದೇ?

ಡಾಕ್ಟರು ಮಾವನನ್ನೂ ಕಾಗದವನ್ನೂ ನೋಡಿ ನಿಧಾನವಾಗಿ ಉತ್ತರಿಸಿದರು. ನಾನು ಬರೆದುಕೊಂಡೆ. ಕನ್ನಡದಲ್ಲಿ ಹೇಳಲು ತಿರುಗಿದಾಗ ಮಾವ ಕೈ ಅಡ್ಡ ಹಿಡಿದ.

"ಈಗ ಬ್ಯಾಡ. ಅಲ್ಲೇ ಏಳುವಂತೆ, ಅತ್ತೆ ಮುಂದೆ."

"ಯಾಕೆ ಮಾವ?"

"ನಿಂತ್ಕಬೋದು ಅನ್ನಾಕೆ ಇಷ್ಟೊಂದು ಮಾತು ಬೇಕಾಗಾಕಿಲ್ಲ ಕಣವ್ವ."

ಆಲೆಮನೆ

ನಾವು ಬಂದ ಮಾರನೆಯ ದಿನವೇ ಒಲೆ ಉರಿಯುತ್ತಿತ್ತು. ಮನೆಯಿಂದ ಆಲೆಮನೆಗೆ ನಡೆಯುವಾಗ ಮಾವ ನನ್ನ ಜೊತೆ ಹಿಂದೆ ಉಳಿದ.

"ನಿಂತ್ಕಬೋದು ಅಂದ್ರು ಅಂತ ಒಂದ್ ಮಾತು ಅಂದ್ಬುಡವ್ವ. ಆ ಗಡ್ಡದೋರು ಇಲ್ಲಿಗೆ ಬಂದು ಕೇಳಾರಾ?"

ನಾನು ಡೈರಿಯನ್ನು ಕಂಕುಳಿಗೆ ಸೇರಿಸಿ ನಡೆದೆ. ಕೊಪ್ಪರಿಗೆಯನ್ನು ಥಳಥಳ ಉಜ್ಜಿದ್ದರು, ಪಾಕ ಏಳುತ್ತಿತ್ತು. ಗಾಣದವರು, ಅಚ್ಚು ತುಂಬುವವರು ಎಲ್ಲ ಕೆಲಸ ಬಿಟ್ಟು ನಿಂತರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದಳು.

"ಏನಂದ್ರು ಮಗ ಡಾಕ್ಟ್ರು? ನಿಂತ್ಕಬೋದು ಅಂದ್ರಾ?"

ಮಾವ ನನ್ನ ಮುಖ ನೋಡಿದ. ಒಂದು 'ಹ್ಞೂಂ' ಸಾಕಿತ್ತು. ನಾನು ಹೇಳಲಿಲ್ಲ. ಧೈರ್ಯವಂತೆ ಎಂದು ತಿಳಿಯಬೇಡಿ. ಅವನ ಬದಲು ಉತ್ತರ ಹೇಳಿ ಒಮ್ಮೆ ಕೆಟ್ಟಿದ್ದೆ, ಅಷ್ಟೆ. ಡೈರಿ ತೆಗೆದು ಓದಿದೆ: "ತಲೆ ಸುಧಾರಿಸಿದೆ. ಅಭ್ಯಾಸವನ್ನು ಮನೆಯಲ್ಲೂ ಮಾಡಬೇಕು, ಮಾತ್ರೆ ಬಿಡಬಾರದು. ಆದರೆ ಬೆಂಕಿಯ ಮುಂದೆ ಬೀಳುವುದಿಲ್ಲ ಎಂದು ನನ್ನ ಅಳತೆ ಹೇಳಲಾರದು. ಒಂದು ವರ್ಷ ಮೂರ್ಛೆ ಬಾರದಿದ್ದರೆ ನಿಲ್ಲಲಿ. ಅಲ್ಲಿಯವರೆಗೆ, ಬಿದ್ದರೆ ಹಿಡಿಯುವವರಿಲ್ಲದೆ ಹತ್ತಿರ ಹೋಗಬಾರದು."

ಮಾವ ಟವೆಲ್ ಕೊಡವಿ ಬೇವಿನ ಮರದ ಕಡೆ ತಿರುಗಿದ.

"ನಿಂತ್ಕಳ್ಳಿ ಅಲ್ಲೇ" ಅಂದಳು ಅತ್ತೆ. "ಕೊನೇಲಿ ಏನಂದೆ ಮಗ, ಇನ್ನೊಂದ್ ಸಲ ಏಳು."

"ಬಿದ್ದರೆ ಹಿಡಿಯುವವರಿಲ್ಲದೆ ಹೋಗಬಾರದು."

ಅತ್ತೆ ಬಾವಿಯ ಹತ್ತಿರ ಹೋಗಿ, ನೀರು ಸೇದುವ ಹಗ್ಗವನ್ನು ರಾಟೆಯಿಂದ ಬಿಚ್ಚಿ ತಂದಳು. ಒಂದು ತುದಿಯನ್ನು ಮಾವನ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು.

"ಲೇ, ಅಸ ಕಟ್ದಂಗೆ ಕಟ್ತೀಯಲ್ಲ, ಜನ ನೋಡ್ತಾವ್ರೆ" ಅಂದ ಮಾವ.

"ನೋಡ್ಲಿ ಬುಡಿ. ಬಾವಿಗೆ ಇಳಿಯೋರ್ಗೆ ಅಗ್ಗ ಕಟ್ಟಾಕಿಲ್ವಾ? ಅವ್ರಿಗೇನ್ ಮಾನ ಓಯ್ತದಾ?"

ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಕಾಲು ಊರಿ ಹಿಂದೆ ನಿಂತಳು. ಮಾವ ಮುಂದಕ್ಕೆ ಹೆಜ್ಜೆ ಇಟ್ಟ. ಹಗ್ಗ ಬಿಗಿಯಿತು. ಕೊಪ್ಪರಿಗೆಯ ಅಂಚಿಗೆ ಇನ್ನೂ ಮೂರು ಮಾರು ಇತ್ತು. ಆಳೊಬ್ಬ ಪಾಕವನ್ನು ನೀರಿನ ಬಟ್ಟಲಿಗೆ ಬಿಟ್ಟು ಅಲ್ಲಿಗೇ ತಂದುಕೊಟ್ಟ. ಮಾವ ಬೆರಳಲ್ಲಿ ಉರುಟಿದ, ಅಲುಗದೆ ನಿಂತು ನೋಡಿದ. "ಇಳ್ಸ್ರಲಾ" ಅಂದ. ಇಳಿಸಿದರು.

ಎರಡನೆಯ ಕೊಪ್ಪರಿಗೆಯೂ ಹಾಗೇ ಆಯಿತು. ಮೂರನೆಯದು ಕುದಿಯತೊಡಗಿದಾಗ ಮಾವ ತಿರುಗಿ ನೋಡಿದ. ಅತ್ತೆ ಅವನ ಕಣ್ಣು, ತುಟಿ, ಕೈಬೆರಳುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮುಂಗೈ ತಿರುಗಿಸಿ ಹಗ್ಗ ಬಿಟ್ಟಳು, ಒಂದು ಗೇಣು. ಇದನ್ನು ನಾನು ನಿಂತಲ್ಲೇ ಬರೆದುಕೊಂಡೆ.